ಲೋಡ್ ಸೆಲ್‌ಗೆ ಎಕ್ಸೈಟೇಶನ್ ಮತ್ತು ರೆಫರೆನ್ಸ್ ಸರ್ಕ್ಯೂಟ್: ಒಂದು ಹಾಪರ್ ಇಟ್ಟುಕೊಂಡು ಕಲಿಯೋಣ

ಒಂದು ಕಾಂಕ್ರೀಟ್ ಬ್ಯಾಚಿಂಗ್ ಪ್ಲಾಂಟ್. ನಾಲ್ಕು ಲೋಡ್ ಸೆಲ್ (ತೂಕವನ್ನು ವಿದ್ಯುತ್ ಸಿಗ್ನಲ್ ಆಗಿ ತೋರಿಸುವ ಸೆನ್ಸರ್) ಮೇಲೆ ಕೂತ ಜಲ್ಲಿಯ ಹಾಪರ್. ಬೆಳಿಗ್ಗೆ ಏಳು ಗಂಟೆಗೆ 2000 ಕೆಜಿ ಟೆಸ್ಟ್ ತೂಕ ಇಟ್ಟರೆ ಇಂಡಿಕೇಟರ್ 2000 ತೋರಿಸುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಖಾಲಿ ಹಾಪರ್ ಸೊನ್ನೆ ಮಾಡಿ ಅದೇ ತೂಕ ಇಟ್ಟರೆ 1994. ಸಂಜೆ ಮತ್ತೆ ಸರಿ. ಆಪರೇಟರ್ ಏನು ಮಾಡ್ತಾನೆ? ಸ್ಕ್ರೀನ್ ಮೇಲೆ 2000 ಬರುವವರೆಗೂ ಜಲ್ಲಿ ಬಿಡ್ತಾನೆ. ಅಂದರೆ ಮಧ್ಯಾಹ್ನದ ಪ್ರತಿ ಬ್ಯಾಚ್‌ಗೂ ಆರು ಕೆಜಿ ಜಾಸ್ತಿ.

ನಾನು ಹೋಗುವಷ್ಟರಲ್ಲಿ ಎರಡು ಲೋಡ್ ಸೆಲ್ ಬದಲಾಗಿದ್ದವು. "ಸಾರ್, ಬೋರ್ಡ್ ಮೇಲಿನ ರೆಫರೆನ್ಸ್ ಐಸಿನೂ ಚೇಂಜ್ ಮಾಡಿದ್ವಿ, ಆದ್ರೂ ಅದೇ ಕಥೆ" ಅಂದ ಅಲ್ಲಿನ ಹುಡುಗ. (ರೆಫರೆನ್ಸ್ ಅಂದರೆ ಸಿಗ್ನಲ್ಲನ್ನು ಹೋಲಿಸಿ ಅಳೆಯಲು ಇಟ್ಟುಕೊಳ್ಳುವ ವೋಲ್ಟೇಜ್.) ಮಲ್ಟಿಮೀಟರ್ ತೆಗೆದು ಇಂಡಿಕೇಟರ್ ಹತ್ತಿರ ಎಕ್ಸೈಟೇಶನ್, ಅಂದರೆ ಸೆಲ್‌ಗಳಿಗೆ ಕೊಡುವ ವೋಲ್ಟೇಜ್ ಅಳೆದೆ, 5.00 ವೋಲ್ಟ್. 30 ಮೀಟರ್ ದೂರದಲ್ಲಿ, ನಾಲ್ಕೂ ಸೆಲ್‌ಗಳ ವೈರ್ ಸೇರುವ ಜಂಕ್ಷನ್ ಬಾಕ್ಸ್‌ನಲ್ಲಿ ಅಳೆದೆ, 4.74. ಕಳ್ಳ ಸಿಕ್ಕಿದ.

ಆ 0.26 ವೋಲ್ಟ್ ಎಲ್ಲಿ ಹೋಯಿತು, ಹೋದರೂ ತೂಕ ತಪ್ಪದ ಹಾಗೆ ಸರ್ಕ್ಯೂಟ್ ಹೇಗೆ ಕಟ್ಟಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ. ಓಮ್ಸ್ ಲಾ ಗೊತ್ತಿದ್ದು, ಎಡಿಸಿ (ಸಿಗ್ನಲ್‌ನ ವೋಲ್ಟೇಜನ್ನು ಸಂಖ್ಯೆಯಾಗಿ ಮಾಡುವ ಚಿಪ್) ಏನು ಮಾಡುತ್ತೆ ಅಂತ ಅಂದಾಜಿದ್ದರೆ ಸಾಕು.

ಹೆಜ್ಜೆ 1: ಮೊದಲು ಲೆಕ್ಕ ಬರೆದುಕೊಳ್ಳಿ

ಲೋಡ್ ಸೆಲ್ ಒಳಗಿರುವುದು ನಾಲ್ಕು ಸ್ಟ್ರೇನ್ ಗೇಜ್‌ಗಳ (ಹಿಗ್ಗಿದರೆ ಕುಗ್ಗಿದರೆ ರೆಸಿಸ್ಟೆನ್ಸ್ ಬದಲಾಗುವ ಪಟ್ಟಿಗಳು) ವೀಟ್‌ಸ್ಟನ್ ಬ್ರಿಡ್ಜ್, ಅಂದರೆ ಚೌಕದ ನಾಲ್ಕು ಬದಿಯ ಹಾಗೆ ಜೋಡಿಸಿದ ನಾಲ್ಕು ರೆಸಿಸ್ಟರ್. ಬ್ರಿಡ್ಜ್‌ಗೆ ವೀಟ್‌ಸ್ಟನ್ ಹೆಸರಿದ್ದರೂ 1833ರಲ್ಲೇ ಅದನ್ನು ಬರೆದಿಟ್ಟವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. ವೀಟ್‌ಸ್ಟನ್ ಅದನ್ನು ಜನಪ್ರಿಯ ಮಾಡಿದ್ದು ಹತ್ತು ವರ್ಷದ ಮೇಲೆ. ಅಂಟಿಸುವ ಸ್ಟ್ರೇನ್ ಗೇಜ್ ಬಂದದ್ದು 1938ರಲ್ಲಿ, ಅಮೆರಿಕದಲ್ಲಿ. ಇರಲಿ, ನಮ್ಮ ಹಾಪರ್‌ಗೆ ಬರೋಣ.

ಸೆಲ್ ಜೊತೆ ಬರುವ ಕಾಗದದಿಂದ ನಾಲ್ಕು ಸಂಖ್ಯೆ ಬೇಕು. ಸಾಮರ್ಥ್ಯ: 1000 ಕೆಜಿ, ನಾಲ್ಕು ಸೆಲ್ ಸೇರಿ 4000. ಔಟ್‌ಪುಟ್: ಪೂರ್ತಿ ಭಾರಕ್ಕೆ, ಎಕ್ಸೈಟೇಶನ್‌ನ ಪ್ರತಿ ವೋಲ್ಟ್‌ಗೆ 2 ಮಿಲಿವೋಲ್ಟ್. ಬ್ರಿಡ್ಜ್ ರೆಸಿಸ್ಟೆನ್ಸ್: 350 ಓಮ್. ಶಿಫಾರಸು ಮಾಡಿದ ಎಕ್ಸೈಟೇಶನ್: ಬಹಳಷ್ಟು ಸೆಲ್‌ಗಳಿಗೆ 5ರಿಂದ 12 ವೋಲ್ಟ್ ಒಳಗೆ.

5 ವೋಲ್ಟ್ ಕೊಟ್ಟರೆ ಪೂರ್ತಿ 4000 ಕೆಜಿಗೆ 10 ಮಿಲಿವೋಲ್ಟ್ ಬರುತ್ತದೆ. ಅಂದರೆ ಒಂದು ಕೆಜಿಗೆ 2.5 ಮೈಕ್ರೋವೋಲ್ಟ್. ಈ ಸಂಖ್ಯೆಯನ್ನು ಗೋಡೆ ಮೇಲೆ ಬರೆದು ಅಂಟಿಸಿಕೊಳ್ಳಿ. ಮುಂದೆ ಯಾವ ತಪ್ಪು ಸಿಕ್ಕರೂ ಇದರಿಂದ ಭಾಗಿಸಿದರೆ ಅದು ಎಷ್ಟು ಕೆಜಿ ಅಂತ ತಕ್ಷಣ ಗೊತ್ತಾಗುತ್ತೆ.

ವೈರ್ ಬಣ್ಣದ ಬಗ್ಗೆ ಒಂದು ಮಾತು. ಕೆಂಪು ಮತ್ತು ಕಪ್ಪು ಎಕ್ಸೈಟೇಶನ್, ಹಸಿರು ಮತ್ತು ಬಿಳಿ ಸಿಗ್ನಲ್ ಅನ್ನುವುದು ಸಾಮಾನ್ಯ, ಆದರೆ ಎಲ್ಲರೂ ಪಾಲಿಸಲ್ಲ. ಅನುಮಾನ ಬಂದರೆ ಸೆಲ್ ಬಿಚ್ಚಿಟ್ಟು ಓಮ್ ಅಳೆಯಿರಿ. ಎದುರುಬದುರು ಜೋಡಿಗಳಲ್ಲಿ ಜಾಸ್ತಿ ತೋರಿಸುವುದು, 400 ಓಮ್ ಆಸುಪಾಸು, ಸಾಮಾನ್ಯವಾಗಿ ಎಕ್ಸೈಟೇಶನ್. ತಯಾರಕರು ಆ ಸಾಲಿನಲ್ಲಿ ಕಾಂಪೆನ್ಸೇಶನ್ ರೆಸಿಸ್ಟರ್ ಸೇರಿಸಿರುತ್ತಾರೆ. ಸರಿಯಾಗಿ 350 ತೋರಿಸುವ ಜೋಡಿ ಸಿಗ್ನಲ್. ಅಕ್ಕಪಕ್ಕದ ಜೋಡಿಗಳು ಇವೆರಡಕ್ಕಿಂತಲೂ ಕಡಿಮೆ ತೋರಿಸುತ್ತವೆ.

ಹೆಜ್ಜೆ 2: 5 ವೋಲ್ಟಾ, 10 ವೋಲ್ಟಾ?

10 ಕೊಟ್ಟರೆ ಸಿಗ್ನಲ್ ಎರಡು ಪಟ್ಟು. ಆಸೆ ಆಗುತ್ತೆ. ಆದರೆ ಶಾಖ ನಾಲ್ಕು ಪಟ್ಟು: 5 ವೋಲ್ಟ್‌ನಲ್ಲಿ ಒಂದು ಸೆಲ್ 71 ಮಿಲಿವ್ಯಾಟ್ ತಿಂದರೆ 10 ವೋಲ್ಟ್‌ನಲ್ಲಿ 286. ಗೇಜ್ ಬಿಸಿಯಾಗಿ ಒಂದು ಹದಕ್ಕೆ ಬರುವ ತನಕ ಸೊನ್ನೆ ಅಲ್ಲಾಡುತ್ತಾ ಇರುತ್ತದೆ. ನಾಲ್ಕು ಸೆಲ್ ಪ್ಯಾರಲಲ್ ಅಂದರೆ 87.5 ಓಮ್, 5 ವೋಲ್ಟ್‌ಗೆ 57 ಮಿಲಿಆಂಪ್, 10ಕ್ಕೆ 114.

ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಬ್ರಿಡ್ಜ್‌ನ ಎರಡೂ ಸಿಗ್ನಲ್ ವೈರ್ ಎಕ್ಸೈಟೇಶನ್‌ನ ಅರ್ಧದಲ್ಲಿ ಕೂತಿರುತ್ತವೆ. 5 ವೋಲ್ಟ್ ಕೊಟ್ಟರೆ 2.5ರಲ್ಲಿ, 5 ವೋಲ್ಟ್‌ನಲ್ಲಿ ಓಡುವ ಎಡಿಸಿಗೆ ಸರಿಯಾಗಿ ಮಧ್ಯದಲ್ಲಿ. 10 ಕೊಟ್ಟರೆ ಸಿಗ್ನಲ್ 5ಕ್ಕೆ ಏರಿ ಎಡಿಸಿಯ ತಲೆಗೇ ಬಡಿಯುತ್ತದೆ. ಆಮೇಲೆ ಡಿವೈಡರ್, ಹೊರಗಿನ ಆಂಪ್ಲಿಫೈಯರ್, ಒಂದಕ್ಕೊಂದು ಜೋಡಿಯಾಗಿ ಹೋಗುವ ರೆಸಿಸ್ಟರ್‌ಗಳು, ಹೀಗೆ ಸಂಸಾರ ಬೆಳೆಯುತ್ತಾ ಹೋಗುತ್ತೆ. ಹೊಸದಾಗಿ ಡಿಸೈನ್ ಮಾಡುವವರಿಗೆ ನನ್ನ ಸಲಹೆ 5 ವೋಲ್ಟ್. ಈಗಿನ ಎಡಿಸಿಗಳ ನಾಯ್ಸ್ (ರೀಡಿಂಗ್‌ನ ಬೇಡದ ಕುಣಿತ) ಅಷ್ಟು ಕಡಿಮೆ ಇದೆ. ಎಡಿಎಸ್1232 ಅನ್ನುವ ಎಡಿಸಿ ಚಿಪ್ 128 ಗೇನ್‌ನಲ್ಲಿ (ಸಿಗ್ನಲ್ಲನ್ನು 128 ಪಟ್ಟು ಹಿಗ್ಗಿಸಿದಾಗ), ಸೆಕೆಂಡಿಗೆ 10 ರೀಡಿಂಗ್ ವೇಗದಲ್ಲಿ ಸುಮಾರು 17 ನ್ಯಾನೋವೋಲ್ಟ್ ಆರ್‌ಎಂಎಸ್ ನಾಯ್ಸ್ ಕೊಡುತ್ತೆ. ಪೀಕ್ ಟು ಪೀಕ್‌ಗೆ 6.6ರಿಂದ ಗುಣಿಸಿದರೆ 112 ನ್ಯಾನೋವೋಲ್ಟ್. ನಮ್ಮ 10 ಮಿಲಿವೋಲ್ಟ್‌ನಲ್ಲಿ ಸುಮಾರು 90 ಸಾವಿರ ಅಲುಗಾಡದ ಕೌಂಟ್. 24 ಬಿಟ್ ಅಂತ ಡಬ್ಬದ ಮೇಲೆ ಬರೆದ ಒಂದೂಮುಕ್ಕಾಲು ಕೋಟಿ ಹತ್ತಿರದ ಕೌಂಟ್ ಮರೆತುಬಿಡಿ, ಕೈಗೆ ಸಿಗುವುದು ಇಷ್ಟೇ. ಹಾಪರ್‌ಗೆ ಇದು ಧಾರಾಳ.

ಹೆಜ್ಜೆ 3: ರೆಫರೆನ್ಸ್ ಬೇರೆ ಇಡಬೇಡಿ

ಇಡೀ ವಿಷಯದ ಹೊಕ್ಕುಳು ಇದು. ಸ್ವಲ್ಪ ನಿಧಾನವಾಗಿ ಓದಿ.

ಲೋಡ್ ಸೆಲ್ ವೋಲ್ಟೇಜ್ ಹುಟ್ಟಿಸುವುದಿಲ್ಲ. ನೀವು ಕೊಟ್ಟ ವೋಲ್ಟೇಜ್‌ನ ಒಂದು ಪಾಲನ್ನು ವಾಪಸ್ ಕೊಡುತ್ತದೆ, ಅಷ್ಟೇ. ಎಡಿಸಿಯೂ ವೋಲ್ಟೇಜ್ ಅಳೆಯುವುದಿಲ್ಲ. ಸಿಗ್ನಲ್ಲನ್ನು ರೆಫರೆನ್ಸ್‌ನಿಂದ ಭಾಗಿಸಿ ಉತ್ತರ ಕೊಡುತ್ತದೆ. ಒಂದು ಗುಣಿಸುತ್ತೆ, ಇನ್ನೊಂದು ಭಾಗಿಸುತ್ತೆ. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ದರೆ ಅದು ಲೆಕ್ಕದಿಂದಲೇ ಹೊಡೆದುಹೋಗುತ್ತದೆ.

ಖಾಲಿ ಹಾಪರ್‌ನ ಸ್ವಂತ ತೂಕ 800 ಕೆಜಿ, ಜಲ್ಲಿ 2000, ಒಟ್ಟು 2800 ಅಂದುಕೊಳ್ಳಿ. 5 ವೋಲ್ಟ್‌ನಲ್ಲಿ ಸಿಗ್ನಲ್ 7 ಮಿಲಿವೋಲ್ಟ್. ಪಾಲು 0.0014. ಈಗ ರೆಗ್ಯುಲೇಟರ್ ಬಿಸಿಯಾಗಿ 4.95ಕ್ಕೆ ಇಳಿಯಿತು. ಸಿಗ್ನಲ್ 6.93 ಆಯಿತು. ರೆಫರೆನ್ಸ್ ಕೂಡ ಅದೇ 4.95 ಆಗಿದ್ದರೆ ಪಾಲು ಅದೇ 0.0014. ಡಿಸ್‌ಪ್ಲೇ ಕದಲಲ್ಲ. ಆದರೆ ನೀವು ಪಕ್ಕದಲ್ಲಿ ಒಂದು ದುಬಾರಿ, ಕಲ್ಲಿನಂಥ 2.5 ವೋಲ್ಟ್ ರೆಫರೆನ್ಸ್ ಐಸಿ ಇಟ್ಟಿದ್ದರೆ? ಅದು ಕದಲದೆ ನಿಲ್ಲುತ್ತೆ, ಎಕ್ಸೈಟೇಶನ್ ಮಾತ್ರ ಕುಸಿಯುತ್ತೆ, 28 ಕೆಜಿ ಮಾಯ. ರೆಫರೆನ್ಸ್ ಎಷ್ಟು ಒಳ್ಳೆಯದೋ, ತಪ್ಪು ಅಷ್ಟು ನಿಖರವಾಗಿ ಕಾಣುತ್ತದೆ!

ಇದನ್ನೇ ರೇಶಿಯೋಮೆಟ್ರಿಕ್ ಅಂತಾರೆ. ವೋಲ್ಟೇಜ್ ನಿಖರ ಇರಬೇಕಿಲ್ಲ, ಎರಡೂ ಒಂದೇ ಆಗಿರಬೇಕು. ಆ ಪ್ಲಾಂಟ್‌ನ ಹುಡುಗ ರೆಫರೆನ್ಸ್ ಐಸಿ ಬದಲಿಸಿ ಏನೂ ಪ್ರಯೋಜನ ಆಗಲಿಲ್ಲವಲ್ಲ, ಕಾರಣ ಇದೇ.

ಎಚ್‌ಎಕ್ಸ್711 ಅನ್ನುವ ಅಗ್ಗದ ಎಡಿಸಿ ಬಳಸಿದವರು ಗೊತ್ತಿಲ್ಲದೆಯೇ ಇದನ್ನು ಮಾಡಿದ್ದೀರಿ. ಅದರೊಳಗೆ ರೆಫರೆನ್ಸ್ ಅಂದರೆ ಅನಲಾಗ್ ಸಪ್ಲೈಯೇ, ಅದೇ ಸಪ್ಲೈ ಸೆಲ್‌ಗೂ ಹೋಗುತ್ತೆ. ನೂರಿನ್ನೂರು ರೂಪಾಯಿಯ ಬೋರ್ಡ್ ಚೆನ್ನಾಗಿ ಕೆಲಸ ಮಾಡುವ ಗುಟ್ಟು ಇದು. ಆದರೆ ಹೆಜ್ಜೆ 5ರಲ್ಲಿ ಬರುವ ಸೆನ್ಸ್ ವೈರ್‌ಗೆ ಅದರಲ್ಲಿ ಜಾಗವಿಲ್ಲ. ಅಡುಗೆಮನೆ ತಕ್ಕಡಿಗೆ ಸಾಕು, 30 ಮೀಟರ್ ದೂರದ ಹಾಪರ್‌ಗೆ ಸಾಲದು.

ಹೆಜ್ಜೆ 4: ಎಕ್ಸೈಟೇಶನ್ ಸಪ್ಲೈ

ನಿಖರತೆ ಬೇಡ ಅಂದ ಮಾತ್ರಕ್ಕೆ ಗಲೀಜು ಸಪ್ಲೈ ನಡೆಯುತ್ತೆ ಅಂತಲ್ಲ. ನಿಧಾನವಾದ ಏರಿಳಿತ ಹೊಡೆದುಹೋಗುತ್ತದೆ. ವೇಗದ ನಾಯ್ಸ್ ಸಿಗ್ನಲ್ ದಾರಿಯಲ್ಲೂ ರೆಫರೆನ್ಸ್ ದಾರಿಯಲ್ಲೂ ಬೇರೆ ಬೇರೆ ಹೊತ್ತಿಗೆ ಬಂದು ಸೇರುತ್ತೆ, ಪೂರ್ತಿ ಹೊಡೆದುಹೋಗಲ್ಲ. ಹಾಗಾಗಿ ಕಡಿಮೆ ನಾಯ್ಸ್‌ನ ಲೀನಿಯರ್ ರೆಗ್ಯುಲೇಟರ್ ಹಾಕಿ.

ನಾನು ಎಲ್‌ಟಿ3045 ಬಳಸುತ್ತೇನೆ: 500 ಮಿಲಿಆಂಪ್ ಕೊಡುತ್ತೆ, ನಾಯ್ಸ್ 0.8 ಮೈಕ್ರೋವೋಲ್ಟ್ ಆರ್‌ಎಂಎಸ್, ಔಟ್‌ಪುಟ್ ವೋಲ್ಟೇಜ್ ನಿಗದಿ ಮಾಡುವ ಸೆಟ್ ಪಿನ್‌ನಿಂದ 100 ಮೈಕ್ರೋಆಂಪ್ ಬರುತ್ತೆ. ಅಲ್ಲಿಗೆ 49.9 ಕಿಲೋಓಮ್ ಹಾಕಿದರೆ 4.99 ವೋಲ್ಟ್. ಬೆಲೆ ಜಾಸ್ತಿ ಅನಿಸಿದರೆ ಬೇರೆ ಕಡಿಮೆ ನಾಯ್ಸ್ ಎಲ್‌ಡಿಒ (ಇದೇ ಜಾತಿಯ ಲೀನಿಯರ್ ರೆಗ್ಯುಲೇಟರ್) ಹಾಕಿ, ಇಲ್ಲಿ ಹಟ ಬೇಡ. ಇನ್‌ಪುಟ್ 9 ವೋಲ್ಟ್ ಇದ್ದರೆ 57 ಮಿಲಿಆಂಪ್‌ಗೆ 0.23 ವ್ಯಾಟ್ ಬಿಸಿ, ಬೋರ್ಡ್‌ನ ತಾಮ್ರವೇ ಸಾಕು.

ಎಡಿಸಿಯ ಅನಲಾಗ್ ಸಪ್ಲೈಯನ್ನೂ ಇದೇ ರೆಗ್ಯುಲೇಟರ್‌ನಿಂದ ಕೊಡಿ. ರೆಫರೆನ್ಸ್ ಪಿನ್ ಅನಲಾಗ್ ಸಪ್ಲೈಗಿಂತ ಮೇಲೆ ಹೋಗಬಾರದು ಅನ್ನುವ ನಿಯಮ ತಾನಾಗಿ ಪಾಲನೆಯಾಗುತ್ತೆ. ರಿಲೇ, ಡಿಸ್‌ಪ್ಲೇ, ಮೈಕ್ರೋಕಂಟ್ರೋಲರ್‌ಗಳಿಗೆ ಮಾತ್ರ ಬೇರೆ ರೆಗ್ಯುಲೇಟರ್. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ರಿಲೇ ಎಳೆದಾಗಲೆಲ್ಲ ತೂಕ ಎರಡು ಕೆಜಿ ಕುಣಿಯುವುದನ್ನು ಸಾಕಷ್ಟು ಕಡೆ ನೋಡಿದ್ದೇನೆ.

ಹೆಜ್ಜೆ 5: ಆರು ವೈರ್

ಈಗ ಆ 0.26 ವೋಲ್ಟ್‌ಗೆ ಬರೋಣ. ಕೇಬಲ್ 0.22 ಚದರ ಮಿಲಿಮೀಟರ್‌ನದ್ದು. ತಾಮ್ರಕ್ಕೆ ಮೀಟರ್‌ಗೆ ಸುಮಾರು 0.08 ಓಮ್. ಹೋಗಲು 30, ಬರಲು 30, ಒಟ್ಟು 60 ಮೀಟರ್, 4.8 ಓಮ್. ಸೆಲ್‌ಗಳ 87.5 ಓಮ್ ಜೊತೆ ಸೀರೀಸ್‌ನಲ್ಲಿ ಇಟ್ಟರೆ 5.2% ವೋಲ್ಟೇಜ್ ದಾರಿಯಲ್ಲೇ ಖರ್ಚು. ಐದರಲ್ಲಿ 0.26. ಮೀಟರ್ ತೋರಿಸಿದ್ದೂ ಅದೇ.

ಇದು ಬದಲಾಗದೆ ಇದ್ದಿದ್ದರೆ ಕ್ಯಾಲಿಬ್ರೇಶನ್‌ನಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ 0.39% ಏರುತ್ತದೆ. ತಗಡಿನ ಟ್ರೇನಲ್ಲಿ ಬಿಸಿಲಿಗೆ ಮಲಗಿದ್ದ ಆ ಕೇಬಲ್ 15 ಡಿಗ್ರಿ ಬಿಸಿಯಾದರೆ 4.8 ಓಮ್‌ಗೆ 0.28 ಓಮ್ ಸೇರುತ್ತೆ. ಎಕ್ಸೈಟೇಶನ್ 0.3% ಕಡಿಮೆ. 2000 ಕೆಜಿಗೆ ಆರು ಕೆಜಿ. ಮಧ್ಯಾಹ್ನದ 1994 ಇಲ್ಲಿಂದ ಬಂತು.

ಮದ್ದು ಸರಳ. ಕರೆಂಟ್ ಹೊರುವ ಎರಡು ವೈರ್, ಸಿಗ್ನಲ್‌ನ ಎರಡು ವೈರ್, ಜೊತೆಗೆ ಜಂಕ್ಷನ್ ಬಾಕ್ಸ್‌ನಲ್ಲಿ ನಿಜಕ್ಕೂ ಎಷ್ಟು ವೋಲ್ಟೇಜ್ ತಲುಪಿದೆ ಅಂತ ಇಣುಕಿ ನೋಡಿ ಹೇಳುವ ಎರಡು ಸೆನ್ಸ್ ವೈರ್. ಆ ಸೆನ್ಸ್ ಜೋಡಿಯನ್ನು ತಂದು ಎಡಿಸಿಯ ರೆಫರೆನ್ಸ್ ಪ್ಲಸ್, ರೆಫರೆನ್ಸ್ ಮೈನಸ್ ಪಿನ್‌ಗಳಿಗೆ ಕೊಡಿ. ಸೆಲ್‌ಗೆ 4.74 ತಲುಪಿದರೆ ರೆಫರೆನ್ಸ್ ಕೂಡ 4.74. ಬಿಸಿಲಿಗೆ 4.73 ಆದರೆ ಎರಡೂ 4.73. ಕೇಬಲ್ ಲೆಕ್ಕದಿಂದ ಹೊರಗೆ.

ಹಾಗಾದರೆ ಪ್ಲಾಂಟ್‌ನಲ್ಲಿ ಆಗಿದ್ದೇನು? ಆರು ವೈರ್‌ನ ಇಂಡಿಕೇಟರೇ ಇತ್ತು. ಆದರೆ ಎಳೆದದ್ದು ನಾಲ್ಕು ವೈರ್‌ನ ಕೇಬಲ್. ಸೆನ್ಸ್ ಟರ್ಮಿನಲ್ ಖಾಲಿ ಬಿಟ್ಟರೆ ಎರರ್ ಬರುತ್ತೆ ಅಂತ ಇಂಡಿಕೇಟರ್ ಹಿಂದೆಯೇ ಎರಡು ತುಂಡು ವೈರ್ ಹಾಕಿ ಎಕ್ಸೈಟೇಶನ್‌ಗೆ ಸೇರಿಸಿಬಿಟ್ಟಿದ್ದರು. ಎರರ್ ಹೋಯಿತು, ಅಳತೆಯೂ ಹೋಯಿತು. ಸೆನ್ಸ್ ಸೇರಬೇಕಾದ್ದು ದೂರದ ತುದಿಯಲ್ಲಿ, ಜಂಕ್ಷನ್ ಬಾಕ್ಸ್ ಒಳಗೆ.

ಇನ್ನೆರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸೆನ್ಸ್ ವೈರ್ ಕಡಿದುಹೋದರೆ ರೆಫರೆನ್ಸ್ ಪಿನ್ ಗಾಳಿಯಲ್ಲಿ ತೇಲಿ ಡಿಸ್‌ಪ್ಲೇ ಹುಚ್ಚು ಸಂಖ್ಯೆ ತೋರಿಸುತ್ತೆ. ಬೋರ್ಡ್ ಮೇಲೆಯೇ ಎಕ್ಸೈಟೇಶನ್ ಮತ್ತು ಸೆನ್ಸ್ ನಡುವೆ, ಪ್ಲಸ್‌ಗೊಂದು ಮೈನಸ್‌ಗೊಂದು, 10 ಕಿಲೋಓಮ್ ರೆಸಿಸ್ಟರ್ ಹಾಕಿ. ವೈರ್ ಚೆನ್ನಾಗಿದ್ದಾಗ ಅದರ ಪ್ರಭಾವ ಲೆಕ್ಕಕ್ಕಿಲ್ಲ. ಇನ್ನೊಂದು: ಸೆಲ್‌ನಿಂದಲೇ ಹೊರಟ ನಾಲ್ಕು ವೈರ್‌ನ ಕೇಬಲ್ ಉದ್ದ ಇದೆ ಅಂತ ಕತ್ತರಿಸಬೇಡಿ. ಅಷ್ಟು ಉದ್ದದ ಕೇಬಲ್ ಸೇರಿಸಿಯೇ ಫ್ಯಾಕ್ಟರಿಯಲ್ಲಿ ಕ್ಯಾಲಿಬ್ರೇಟ್ ಮಾಡಿರುತ್ತಾರೆ. ಸುತ್ತಿ ಬಾಕ್ಸ್ ಪಕ್ಕ ಕಟ್ಟಿಡಿ.

ಹೆಜ್ಜೆ 6: ಫಿಲ್ಟರ್

ಸಿಗ್ನಲ್‌ನ ಎರಡೂ ವೈರ್‌ಗೆ 470 ಓಮ್, ಅವುಗಳ ನಡುವೆ 100 ನ್ಯಾನೋಫ್ಯಾರಡ್, ಪ್ರತಿ ವೈರ್‌ನಿಂದ ಗ್ರೌಂಡ್‌ಗೆ 10 ನ್ಯಾನೋಫ್ಯಾರಡ್. ಕಟ್ ಆಗುವುದು ಸುಮಾರು 1.6 ಕಿಲೋಹರ್ಟ್ಸ್‌ನಲ್ಲಿ. ನಡುವಿನ ಕೆಪ್ಯಾಸಿಟರ್ ಗ್ರೌಂಡ್‌ನವುಗಳ ಹತ್ತು ಪಟ್ಟು ಇರಲಿ. ಇಲ್ಲದಿದ್ದರೆ ಎರಡು ಗ್ರೌಂಡ್ ಕೆಪ್ಯಾಸಿಟರ್‌ಗಳ ನಡುವಿನ ಸಣ್ಣ ವ್ಯತ್ಯಾಸವೇ ಸಿಗ್ನಲ್ ಆಗಿಬಿಡುತ್ತೆ. 50 ಹರ್ಟ್ಸ್‌ನ ಕರೆಂಟ್ ಗದ್ದಲವನ್ನು ಈ ಫಿಲ್ಟರ್ ತಡೆಯಲ್ಲ, ಅದು ಎಡಿಸಿಯ ಡಿಜಿಟಲ್ ಫಿಲ್ಟರ್ ಕೆಲಸ. ಸೆಕೆಂಡಿಗೆ 10ರ ವೇಗ ಇಟ್ಟುಕೊಳ್ಳಿ.

ಕೆಪ್ಯಾಸಿಟರ್ ಸಿ0ಜಿ ಜಾತಿಯ ಸೆರಾಮಿಕ್ ಅಥವಾ ಫಿಲ್ಮ್ ತಗೊಳ್ಳಿ. ಎಕ್ಸ್7ಆರ್ ಸೆರಾಮಿಕ್ ನಡುಗಿದರೆ ತಾನೇ ವೋಲ್ಟೇಜ್ ಹುಟ್ಟಿಸುತ್ತೆ. ಹಾಪರ್ ಪಕ್ಕ ವೈಬ್ರೇಟರ್ ಮೋಟರ್ ಇರುತ್ತೆ ಅನ್ನುವುದನ್ನು ಮರೆಯಬೇಡಿ. ಬೆರಳಿನಿಂದ ಬೋರ್ಡ್ ತಟ್ಟಿ ನೋಡಿ, ರೀಡಿಂಗ್ ಹಾರಿದರೆ ಅಪರಾಧಿ ಅದೇ ಇರಬಹುದು.

ರೆಫರೆನ್ಸ್ ಕಡೆ ಇದೇ 470 ಕಾಪಿ ಮಾಡಿದರೆ ಬಲೆಗೆ ಬಿದ್ದಿರಿ. ಎಷ್ಟೋ ಎಡಿಸಿಗಳ ರೆಫರೆನ್ಸ್ ಪಿನ್‌ಗೆ ಬಫರ್ ಇರಲ್ಲ, ಅದು ಕರೆಂಟ್ ಎಳೆಯುತ್ತೆ. 30 ಮೈಕ್ರೋಆಂಪ್ ಅಂದುಕೊಂಡರೂ, ಎರಡು 470 ಸೇರಿದ ಸುಮಾರು 1 ಕಿಲೋಓಮ್‌ನಲ್ಲಿ 30 ಮಿಲಿವೋಲ್ಟ್ ಬೀಳುತ್ತೆ, ಅದು 5 ವೋಲ್ಟ್‌ನ 0.6%. ಆ ಕರೆಂಟ್ ಬಿಸಿಗೆ ಬದಲಾದರೆ ತೂಕವೂ ಬದಲಾಗುತ್ತೆ. ಕೇಬಲ್‌ನ ತಪ್ಪು ಓಡಿಸಿ ಅದೇ ತಪ್ಪನ್ನು ಬೋರ್ಡ್ ಒಳಗೆ ಕರೆತಂದ ಹಾಗೆ ಆಯಿತು, ಅಲ್ವಾ? ಇಲ್ಲಿ 47 ಓಮ್ ಸಾಕು, ನಡುವೆ 1 ಮೈಕ್ರೋಫ್ಯಾರಡ್. ಎರಡೂ ದಾರಿಯ ಆರ್‌ಸಿ ಲೆಕ್ಕವೂ ಸುಮಾರು ಸರಿಹೋಗುತ್ತೆ.

ಹೆಜ್ಜೆ 7: ಶಾಖದಿಂದ ಹುಟ್ಟುವ ಮೈಕ್ರೋವೋಲ್ಟ್

ಎರಡು ಬೇರೆ ಲೋಹ ಸೇರಿದ ಕಡೆ ಬಿಸಿ ವ್ಯತ್ಯಾಸ ಇದ್ದರೆ ವೋಲ್ಟೇಜ್ ಹುಟ್ಟುತ್ತೆ. ತಾಮ್ರ ಮತ್ತು ಬೆಸುಗೆಯ ಜೋಡಿಗೆ ಡಿಗ್ರಿಗೆ ಕೆಲವು ಮೈಕ್ರೋವೋಲ್ಟ್. ನಮಗೆ 2.5 ಮೈಕ್ರೋವೋಲ್ಟ್ ಅಂದರೆ ಒಂದು ಕೆಜಿ! ಹಾಗಾಗಿ ಸಿಗ್ನಲ್‌ನ ಎರಡು ಟರ್ಮಿನಲ್ ಪಕ್ಕಪಕ್ಕ ಇರಲಿ, ಎರಡೂ ಟ್ರ್ಯಾಕ್ ಅವಳಿ ಮಕ್ಕಳ ಹಾಗೆ ಒಂದೇ ರೀತಿ ಓಡಲಿ, ರೆಗ್ಯುಲೇಟರ್ ದೂರ ಇರಲಿ. ಇಷ್ಟು ಮಾಡಿದರೆ ಹಾಪರ್‌ಗೆ ಸಾಕು.

ಇನ್ನೂ ಸೂಕ್ಷ್ಮ ಬೇಕಾದರೆ ಎಸಿ ಎಕ್ಸೈಟೇಶನ್ ಇದೆ. ಸ್ವಿಚ್ ಹಾಗೆ ಕೆಲಸ ಮಾಡುವ ನಾಲ್ಕು ಮಾಸ್‌ಫೆಟ್‌ಗಳಿಂದ ಎಕ್ಸೈಟೇಶನ್‌ನ ಪ್ಲಸ್ ಮೈನಸ್ ಅದಲುಬದಲು ಮಾಡುತ್ತಾ ಎರಡು ರೀಡಿಂಗ್ ತೆಗೆಯುವುದು. ಒಂದು ಸಲ +7.004 ಮಿಲಿವೋಲ್ಟ್, ತಿರುಗಿಸಿದಾಗ -6.996 ಬಂತು ಅನ್ನಿ. ಕಳೆದು ಅರ್ಧ ಮಾಡಿದರೆ 7.000. ನಡುವೆ ಸೇರಿದ್ದ 4 ಮೈಕ್ರೋವೋಲ್ಟ್ ತಿರುಗದೆ ನಿಂತಿತ್ತು, ಅದಕ್ಕೇ ಸಿಕ್ಕಿಬಿತ್ತು. ರೆಫರೆನ್ಸ್ ಪ್ಲಸ್ ಮೈನಸ್ಸನ್ನೂ ಜೊತೆಗೇ ತಿರುಗಿಸಬೇಕು, ತಿರುಗಿಸಿದ ಮೇಲೆ ಕೇಬಲ್ ಸುಧಾರಿಸಿಕೊಳ್ಳಲು ಸಮಯ ಕೊಡಬೇಕು. ಎಡಿ7195ರಂಥ ಚಿಪ್ ಈ ತಾಳವನ್ನು ತಾನೇ ಹಾಕುತ್ತೆ. ಮೊದಲ ಡಿಸೈನ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ.

ಹೆಜ್ಜೆ 8: ನಿಜವಾಗಿಯೂ ನಿಖರ ರೆಫರೆನ್ಸ್ ಬೇಕಾದಾಗ

ಎಡಿಸಿಯೇ ಇಲ್ಲದೆ, ತೂಕವನ್ನು ನೇರವಾಗಿ 0ರಿಂದ 10 ವೋಲ್ಟ್ ಅಥವಾ 4ರಿಂದ 20 ಮಿಲಿಆಂಪ್ ಆಗಿ ಪಿಎಲ್‌ಸಿಗೆ (ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಕಳಿಸುವ ಆಂಪ್ಲಿಫೈಯರ್ ಮಾಡುತ್ತಿದ್ದರೆ ಭಾಗಿಸುವವರು ಯಾರೂ ಇಲ್ಲ. ಆಗ ಎಕ್ಸೈಟೇಶನ್ ನಿಜಕ್ಕೂ ಸ್ಥಿರ ಇರಬೇಕು.

ಆರ್‌ಇಎಫ್5050ರಂಥ 5 ವೋಲ್ಟ್ ರೆಫರೆನ್ಸ್ ತಗೊಳ್ಳಿ. ಅದರ ಒಳ್ಳೆಯ ಗ್ರೇಡ್ ಡಿಗ್ರಿಗೆ 3 ಪಿಪಿಎಂ (ಹತ್ತು ಲಕ್ಷದಲ್ಲಿ ಮೂರು ಪಾಲು) ಒಳಗಿರುತ್ತೆ. 25 ಡಿಗ್ರಿ ಏರಿದರೂ 0.0075%. ಅದು 57 ಮಿಲಿಆಂಪ್ ಕೊಡಲಾರದು. ಆದ್ದರಿಂದ ರೆಫರೆನ್ಸನ್ನು ಜೀರೋ ಡ್ರಿಫ್ಟ್ (ಬಿಸಿಗೆ ಸೊನ್ನೆ ಜಾರದ) ಆಪ್‌ಆಂಪ್‌ನ ಪ್ಲಸ್ ಕಾಲಿಗೆ ಕೊಟ್ಟು, ಔಟ್‌ಪುಟ್‌ನಿಂದ ಬಿಡಿ139 ಟ್ರಾನ್ಸಿಸ್ಟರ್‌ನ ಬೇಸ್ ಓಡಿಸಿ, ಎಮಿಟರ್‌ನಿಂದ ಎಕ್ಸೈಟೇಶನ್ ತೆಗೆಯಿರಿ. ಮೈನಸ್ ಕಾಲಿಗೆ ಎಮಿಟರ್ ಅಲ್ಲ, ಜಂಕ್ಷನ್ ಬಾಕ್ಸ್‌ನಿಂದ ವಾಪಸ್ ಬಂದ ಸೆನ್ಸ್ ಪ್ಲಸ್. ಕೇಬಲ್‌ನಲ್ಲಿ ಎಷ್ಟು ಬಿದ್ದರೂ ಆಪ್‌ಆಂಪ್ ಅಷ್ಟನ್ನು ಮೇಲೆ ತಳ್ಳಿ ಸರಿಮಾಡುತ್ತೆ. ಮೈನಸ್ ಕಡೆಯ ಬೀಳುವಿಕೆಗೆ ಇನ್ನೊಂದು ಆಪ್‌ಆಂಪ್, ಮೈನಸ್ ಸಪ್ಲೈ ಬೇಕು. ಉದ್ದ ಕೇಬಲ್ ಇದ್ದರೆ ಈ ಲೂಪ್ ಕೂಗಲು, ಅಂದರೆ ತಾನಾಗಿ ಆಸಿಲೇಟ್ ಆಗಲು ಶುರು ಮಾಡುತ್ತೆ. ಸೆನ್ಸ್ ದಾರಿಯಲ್ಲಿ 10 ಕಿಲೋಓಮ್, ಆಪ್‌ಆಂಪ್‌ನ ಔಟ್‌ಪುಟ್‌ನಿಂದ ಮೈನಸ್ ಕಾಲಿಗೆ 10 ನ್ಯಾನೋಫ್ಯಾರಡ್ ಇಟ್ಟು ಸ್ಕೋಪ್‌ನಲ್ಲಿ ನೋಡಿ. ಇಲ್ಲಿ ಸೆನ್ಸ್ ವೈರ್ ಕಡಿದರೆ ಸೆಲ್‌ಗೆ ಪೂರ್ತಿ ಸಪ್ಲೈ ನುಗ್ಗುತ್ತೆ. ಸೆನ್ಸ್‌ನ 10 ಕಿಲೋಓಮ್‌ಗಿಂತ ಮುಂಚೆ, ಟರ್ಮಿನಲ್ ಹತ್ತಿರವೇ, ಹೆಜ್ಜೆ 5ರಲ್ಲಿ ಎಕ್ಸೈಟೇಶನ್ ಮತ್ತು ಸೆನ್ಸ್ ನಡುವೆ ಹಾಕಿದ ಆ ರಕ್ಷಣೆಯ ರೆಸಿಸ್ಟರ್ ಹಾಕುವುದು ಕಡ್ಡಾಯ.

ಹೆಜ್ಜೆ 9: ಸುಳ್ಳು ಹೇಳದ ಪರೀಕ್ಷೆಗಳು

ನಾಲ್ಕು 350 ಓಮ್, 0.1% ರೆಸಿಸ್ಟರ್‌ಗಳಿಂದ ಸುಳ್ಳು ಲೋಡ್ ಸೆಲ್ ಒಂದನ್ನು ಕಟ್ಟಿ. ಒಂದು ತೋಳಿಗೆ 100 ಕಿಲೋಓಮ್ ಪ್ಯಾರಲಲ್ ಹಾಕಿ. ವೋಲ್ಟ್‌ಗೆ 0.873 ಮಿಲಿವೋಲ್ಟ್, ಅಂದರೆ 5 ವೋಲ್ಟ್‌ಗೆ 4.37 ಮಿಲಿವೋಲ್ಟ್ ಬರುತ್ತೆ. ನಮ್ಮ ಭಾಷೆಯಲ್ಲಿ 1747 ಕೆಜಿ. ಕಬ್ಬಿಣದ ತೂಕ ಹೊರದೆ ಟೇಬಲ್ ಮೇಲೆಯೇ ಎಲ್ಲ ಪರೀಕ್ಷೆ ಮಾಡಬಹುದು.

ಮೊದಲನೆಯದು: ಸೆಟ್ ರೆಸಿಸ್ಟರ್ ಬದಲಿಸಿ ಎಕ್ಸೈಟೇಶನ್ 5ರಿಂದ 4.75ಕ್ಕೆ ಇಳಿಸಿ. 5% ಇಳಿದರೂ ರೀಡಿಂಗ್ 1747ರಲ್ಲೇ ನಿಲ್ಲಬೇಕು. 1660ರ ಹತ್ತಿರ ಹೋದರೆ ನಿಮ್ಮ ರೆಫರೆನ್ಸ್ ಬೇರೆ ಎಲ್ಲಿಂದಲೋ ಬರುತ್ತಿದೆ. ಎಷ್ಟೋ ಸಲ ಎಡಿಸಿಯ ರಿಜಿಸ್ಟರ್‌ನಲ್ಲಿ ಒಳಗಿನ ರೆಫರೆನ್ಸ್ ಆನ್ ಆಗಿಯೇ ಉಳಿದಿರುತ್ತೆ.

ಎರಡನೆಯದು: ಎಕ್ಸೈಟೇಶನ್ ಪ್ಲಸ್ ದಾರಿಯಲ್ಲಿ 4.7 ಓಮ್ ಸೇರಿಸಿ. 30 ಮೀಟರ್ ಕೇಬಲ್ ಹಾಕಿದಂತೆಯೇ. 350 ಓಮ್‌ನ ಸುಳ್ಳು ಸೆಲ್‌ನಲ್ಲಿ 1.3% ವೋಲ್ಟೇಜ್ ಬೀಳುತ್ತೆ. ಸೆನ್ಸ್ ಕೆಲಸ ಮಾಡುತ್ತಿದ್ದರೆ ರೀಡಿಂಗ್ ಒಂದು ಕೆಜಿಯೂ ಕದಲಬಾರದು. ಸೆನ್ಸ್ ಸತ್ತಿದ್ದರೆ 23 ಕೆಜಿ ಕಾಣೆಯಾಗುತ್ತೆ.

ಮೂರನೆಯದು ನಾಯ್ಸ್. ಖಾಲಿ ಬ್ರಿಡ್ಜ್‌ನಲ್ಲಿ ನೋಡಿ ಖುಷಿಪಡಬೇಡಿ. ಸಿಗ್ನಲ್ ಸೊನ್ನೆ ಇದ್ದಾಗ ಸೊನ್ನೆಯನ್ನು ಯಾವ ಕುಣಿಯುವ ರೆಫರೆನ್ಸ್‌ನಿಂದ ಭಾಗಿಸಿದರೂ ಸೊನ್ನೆಯೇ. ರೆಫರೆನ್ಸ್‌ನ ನಾಯ್ಸ್ ಅಲ್ಲಿ ಅಡಗಿ ಕೂತಿರುತ್ತೆ. 100 ಕಿಲೋಓಮ್ ಹಾಕಿ, ಸಿಗ್ನಲ್ ಬರಿಸಿ, ಆಮೇಲೆ ನೂರು ರೀಡಿಂಗ್ ಬರೆದುಕೊಳ್ಳಿ. ಖಾಲಿಯಲ್ಲಿ ಚೆನ್ನಾಗಿದ್ದು ಲೋಡ್‌ನಲ್ಲಿ ಕುಣಿದರೆ ಹೆಜ್ಜೆ 4 ಮತ್ತು 6ಕ್ಕೆ ವಾಪಸ್ ಹೋಗಿ.

ಕೊನೆಯದು ಹೇರ್ ಡ್ರೈಯರ್. ಮೊದಲು ಕೇಬಲ್ ಸುರುಳಿಗೆ, ಆಮೇಲೆ ರೆಗ್ಯುಲೇಟರ್‌ಗೆ, ಆಮೇಲೆ ಸಿಗ್ನಲ್ ಟರ್ಮಿನಲ್‌ಗೆ, ಒಂದೊಂದಕ್ಕೂ ಎರಡೆರಡು ನಿಮಿಷ ಬಿಸಿಗಾಳಿ ಬಿಡಿ. ಮೊದಲೆರಡಕ್ಕೆ ರೀಡಿಂಗ್ ಕದಲದೆ ಮೂರನೆಯದಕ್ಕೆ ಮಾತ್ರ ಸ್ವಲ್ಪ ಅಲ್ಲಾಡಿ, ತಣ್ಣಗಾದ ಮೇಲೆ ವಾಪಸ್ ಬಂದರೆ ಬೋರ್ಡ್ ಸೈಟ್‌ಗೆ ಕಳಿಸಬಹುದು. ಆ ಪ್ಲಾಂಟ್‌ನಲ್ಲಿ ನಾವು ಆರು ವೈರ್‌ನ ಕೇಬಲ್ ಎಳೆದು, ಹಿಂದಿನ ಎರಡು ತುಂಡು ವೈರ್ ಕಿತ್ತುಹಾಕಿ, ಮರುದಿನ ಮಧ್ಯಾಹ್ನ ಎರಡಕ್ಕೆ ಅದೇ ತೂಕ ಇಟ್ಟೆವು. 2000 ತೋರಿಸಿತು. ಬದಲಾಯಿಸಿದ್ದ ಎರಡು ಹಳೆಯ ಲೋಡ್ ಸೆಲ್ ತಂದು ಅಳೆದೆ. ಎರಡೂ ಚೆನ್ನಾಗಿಯೇ ಇದ್ದವು.